ಒಂಟಿಹಲಗೆಯ ಗಣಕಯಂತ್ರವೂ ದೇವಾಪುರದ ಬೇಸಿಗೆಯೂ

ಸುರಪುರ, ಶಹಾಪುರ ಸೀಮೆಯ ಬೇಸಿಗೆ ಎಂತಹುದೆಂಬುದನ್ನು ಇಲ್ಲಿಯ ವಾಚಕರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಉಷ್ಣಮಾಪಕವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಾಡಿಕೆಯ ಮಾತು. ದೇವಾಪುರದಂತಹ ಊರಿನ ಶಾಲಾಕೊಠಡಿಯಲ್ಲಿ ಅಂಗೈಯಗಲದ ಗಣಕಯಂತ್ರವೊಂದನ್ನಿರಿಸಿದರೆ ಅದರ ಗತಿಯೇನೆಂಬುದು ಅಧ್ಯಾಪಕರೂ, ಅಂತಹ ಯಂತ್ರಗಳನ್ನು ದಾನವಾಗಿ ಕೊಡುವ ಮಹನೀಯರೂ ವಿಚಾರಿಸತಕ್ಕ ವಿಷಯ.

2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ 'ರಾಸ್ಪ್‌ಬೆರಿ ಪೈ' ಎಂಬ ಒಂಟಿಹಲಗೆಯ ಗಣಕವು ವಿದ್ಯಾರ್ಥಿಗಳನ್ನೇ ಮನದಲ್ಲಿರಿಸಿಕೊಂಡು ರೂಪುಗೊಂಡದ್ದು. ಬೆಲೆ ಕಡಿಮೆ, ವಿದ್ಯುತ್ತಿನ ವ್ಯಯ ಅಲ್ಪ, ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯಿಂದ ಅದು ನಡೆಯುತ್ತದೆ. ಮೊದಲಿನ ಮಾದರಿಗಳಿಗೆ ಪಂಖದ ಅಗತ್ಯವಿರಲಿಲ್ಲ. 2019ರ ನಾಲ್ಕನೆಯ ಮಾದರಿಯೂ 2023ರ ಐದನೆಯದೂ ಬಲಶಾಲಿಗಳಾದಂತೆ ಅವುಗಳ ಕಾವೂ ಏರಿತು. ಚಿಪ್ಪಿನ ಉಷ್ಣತೆ 80 ಡಿಗ್ರಿ ಮುಟ್ಟಿದೊಡನೆ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದು ಆತ್ಮರಕ್ಷಣೆಯೇ ಹೊರತು ರೋಗವಲ್ಲ. ಇದನ್ನರಿಯದೆ ಯಂತ್ರವು ಕೆಟ್ಟಿತೆಂದು ಮೂಲೆಗಿಡುವುದುಂಟು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಪಂಖವು ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪುಗೊಳಿಸಲಾರದು. ಕಠಿಣ ಕೆಲಸದಲ್ಲಿ ಚಿಪ್ಪು ಸುತ್ತಣ ಗಾಳಿಗಿಂತ 45 ಡಿಗ್ರಿ ಹೆಚ್ಚು ಕಾಯುವುದೆಂದಿಟ್ಟುಕೊಂಡರೆ, 25 ಡಿಗ್ರಿಯ ಕೋಣೆಯಲ್ಲಿ ಅದು 70ರಲ್ಲಿ ನಿಲ್ಲುವುದು. 42 ಡಿಗ್ರಿಯ ಕೋಣೆಯಲ್ಲಿ ಆ ಲೆಕ್ಕ 87ಕ್ಕೆ ಹೋಗುವುದು. ತಂಪು ನಾಡಿನಲ್ಲಿ ಪಂಖವಿಲ್ಲದೆ ನಡೆದ ಯಂತ್ರ ಇಲ್ಲಿ ನಡೆಯಲಾರದೆಂಬುದಕ್ಕೆ ಇಷ್ಟೇ ಕಾರಣ.

ಪಂಖವನ್ನು ಜೋಡಿಸಿದ ಮೇಲೂ ಅದು ತಿರುಗದಿರಬಹುದು. ದೊಡ್ಡ ಗಣಕಗಳಲ್ಲಿ ಯಾವ ಅಂಗ ಎಲ್ಲಿದೆಯೆಂಬುದನ್ನು ಲಿನಕ್ಸಿನ ತಿರುಳಾದ ಕರ್ನಲ್ಲು ಬಹುಮಟ್ಟಿಗೆ ಕೇಳಿ ತಿಳಿಯುತ್ತದೆ. ಒಂಟಿಹಲಗೆಯ ಗಣಕದಲ್ಲಿ ಹಾಗಲ್ಲ. 'ಡಿವೈಸ್ ಟ್ರೀ' ಎಂಬ ಪಟ್ಟಿಯಲ್ಲಿ ಬರೆದುದನ್ನೇ ಅದು ನಂಬುತ್ತದೆ. ಆ ಪಟ್ಟಿಯಲ್ಲಿ ಪಂಖದ ಉಲ್ಲೇಖವಿಲ್ಲದಿದ್ದರೆ, ನಿಘಂಟಿನಲ್ಲಿ ಸೇರದ ಶಬ್ದದಂತೆ, ಅದು ಇದ್ದೂ ಇಲ್ಲದಂತೆಯೇ. ಐದನೆಯ ಮಾದರಿಯಲ್ಲಂತೂ ಪಂಖದ ಸಂಜ್ಞೆ ಮುಖ್ಯ ಚಿಪ್ಪಿನಿಂದಲ್ಲದೆ ಆರ್‌ಪಿ1 ಎಂಬ ಇನ್ನೊಂದು ಚಿಪ್ಪಿನಿಂದ ಹೊರಡುತ್ತದೆ. ಬೇರೊಂದು ಲಿನಕ್ಸನ್ನು ತಂದು ಹಾಕಿದಾಗ ಅದರ ಕರ್ನಲ್ಲಿಗೆ ಈ ಚಿಪ್ಪಿನ ಪರಿಚಯವಿರದಿದ್ದರೆ ಪಂಖಕ್ಕೆ ಅಪ್ಪಣೆ ಕೊಡುವವರೇ ಇಲ್ಲ.

ಪಟ್ಟಿ ಸರಿಯಿದ್ದಲ್ಲಿ ವ್ಯವಸ್ಥೆ ಬಲು ಸೊಗಸು. ಐದನೆಯ ಮಾದರಿಯಲ್ಲಿ 50 ಡಿಗ್ರಿಗೆ ಪಂಖ ಮೆಲ್ಲನೆ ತೊಡಗುತ್ತದೆ, 60ಕ್ಕೂ 67.5ಕ್ಕೂ ವೇಗ ಏರಿ 75ಕ್ಕೆ ಪೂರ್ಣವಾಗುತ್ತದೆ. ತಣಿಯುವಾಗ ಆಯಾ ಮಿತಿಗಿಂತ 5 ಡಿಗ್ರಿ ಇಳಿದ ಬಳಿಕವೇ ವೇಗ ತಗ್ಗುವುದು. ಈ ಅಂತರವಿರದಿದ್ದರೆ ಪಂಖವು ಗಳಿಗೆಗೊಮ್ಮೆ ತೊಡಗಿ ನಿಂತು ಬಳಲುತ್ತಿತ್ತು.

ಪರೀಕ್ಷೆ ಸುಲಭ. ಲಿನಕ್ಸಿನ ಥರ್ಮಲ್ ಕಡತದಲ್ಲಿ 62000 ಎಂದಿದ್ದರೆ 62 ಡಿಗ್ರಿ ಎಂದರ್ಥ. ಯಂತ್ರ ನಿಧಾನವಾಗಲು ಸಾಲದ ವಿದ್ಯುತ್ತೂ ಕಾರಣವಾಗಬಹುದಾದ್ದರಿಂದ ಅದನ್ನೂ ನೋಡಬೇಕು. ಬಳಿಕ ತಯಾರಕರದೇ ಕಾರ್ಯವ್ಯವಸ್ಥೆಯನ್ನು ಹಾಕುವುದು ಅತ್ಯುತ್ತಮ. ಉಷ್ಣತೆ ನೋಡಿ ಪಂಖ ತಿರುಗಿಸುವ ಸ್ವಂತ ಕ್ರಮವಿಧಿಯನ್ನು ಬರೆಯಬಹುದಾದರೂ, ಅದು ನಡುವೆ ನಿಂತರೆ ಪಂಖವೂ ನಿಲ್ಲಬಹುದು; ಕರ್ನಲ್ಲಿಗೇ ಒಪ್ಪಿಸುವುದು ಮೇಲು. ಯಾವುದೂ ಸಾಧ್ಯವಾಗದಲ್ಲಿ ಎರಡು ತಂತಿಯ 5 ವೋಲ್ಟ್ ಪಂಖವನ್ನು ಹಲಗೆಯ 5 ವೋಲ್ಟ್ ಕಡ್ಡಿಗೂ ಭೂತಂತಿಯ ಕಡ್ಡಿಗೂ ಸೇರಿಸಿದರೆ ಅದು ಸದಾ ತಿರುಗುತ್ತಿರುವುದು. ಸದ್ದು ತುಸು ಹೆಚ್ಚು, ಅಷ್ಟೇ. ಸಂಜ್ಞೆಯ ಕಡ್ಡಿಗೆ ಮಾತ್ರ ಪಂಖದ ಮೋಟಾರನ್ನು ನೇರವಾಗಿ ಸೇರಿಸಕೂಡದು, ಚಿಪ್ಪೇ ಸುಟ್ಟೀತು. ನಡುವೆ ಟ್ರಾನ್ಸಿಸ್ಟರು ಬೇಕು. ಧೂಳು ತುಂಬಿದ ರೆಕ್ಕೆಗಳನ್ನು ಬೇಸಿಗೆಗೆ ಮೊದಲೇ ಕುಂಚದಿಂದ ಒರಸತಕ್ಕದ್ದು.