‘ಇನ್ಮುಂದೆ ಹುಷಾರಾಗಿರ್ತೀನಿ’ ಅಂದ್ರೆ ಸಾಕಾ?

‘ಸಾರಿ, ಇನ್ಮುಂದೆ ಹುಷಾರಾಗಿರ್ತೀನಿ.’ ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ತಪ್ಪಾದ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು ಇದೇ. ಮಾತು ಸುಳ್ಳಲ್ಲ. ಒಂದು ವಾರ ಪ್ರತಿ ಮೇಲನ್ನೂ ಮೂರು ಸಲ ಓದಿ ಕಳಿಸ್ತಾರೆ. ಕೆಲಸದ ಒತ್ತಡ ಬಂತೋ, ಮತ್ತೆ ಹಳೇ ವೇಗ, ಅದೇ ತಪ್ಪು.

ತಪ್ಪಾದ ತಕ್ಷಣ ನಿಧಾನವಾಗೋದು ಮನುಷ್ಯನ ಸಹಜ ಗುಣ. ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ರ್‍ಯಾಬಿಟ್ 1966ರಲ್ಲೇ ಇದನ್ನು ದಾಖಲಿಸಿದ್ದರು: ತಪ್ಪು ಗುಂಡಿ ಒತ್ತಿದವರು ಮುಂದಿನ ಗುಂಡಿ ಒತ್ತಲು ಹೆಚ್ಚು ಹೊತ್ತು ತಗೊಳ್ತಾರೆ. ಆದರೆ ನಿಧಾನವಾದವರೆಲ್ಲ ಮುಂದಿನ ಸಲ ಸರಿಯಾಗೇ ಮಾಡ್ತಾರೆ ಅಂತೇನಿಲ್ಲ. ಎಷ್ಟೋ ಸಲ ಗಮನ ಕೆಲಸದ ಮೇಲಿರದೆ ‘ಅಯ್ಯೋ, ಹೀಗಾಯ್ತಲ್ಲ’ ಅನ್ನೋದರಲ್ಲೇ ಸಿಕ್ಕಿಕೊಂಡಿರುತ್ತೆ.

ಕೆಲವರು ತೆನಾಲಿ ರಾಮನ ಬೆಕ್ಕಿನ ಹಾಗೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಆ ಬೆಕ್ಕು, ಆಮೇಲೆ ಹಾಲು ಕಂಡರೇ ಓಡುತ್ತಿತ್ತು. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಬ್ಬ ಗ್ರಾಹಕರ ಕೊಟೇಷನ್ನನ್ನು ಇನ್ನೊಬ್ಬರಿಗೆ ಕಳಿಸಿಬಿಟ್ಟಳು. ಬೈಗುಳ ಒಂದೇ ದಿನಕ್ಕೆ ಮುಗಿಯಿತು. ಅವಳು ಮಾತ್ರ ತಿಂಗಳುಗಟ್ಟಲೆ ‘ನೀವೇ ಕಳಿಸಿ ಅಕ್ಕಾ’ ಅನ್ನುತ್ತಿದ್ದಳು. ಕೆಲಸ ಬಿಡುವ ಯೋಚನೆಯೂ ಬಂದಿತ್ತಂತೆ.

ವಿಮಾನದವರು ಬೇರೆ ದಾರಿ ಹಿಡಿದರು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಮಾಡೆಲ್ 299 ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿದ್ದು ಇಬ್ಬರು ಸತ್ತರು. ನಿಲ್ಲಿಸಿದಾಗ ಬಾಲದ ಭಾಗ ಗಾಳಿಗೆ ಅಲುಗದಂತೆ ಹಾಕುವ ಲಾಕನ್ನು ತೆಗೆಯದೆಯೇ ಹಾರಿಸಿದ್ದರು. ಹಾರಿಸಿದವರು ನುರಿತವರೇ! ಹಾಗಾಗಿ ‘ಹುಷಾರಾಗಿರಿ’ ಅಂತ ಹೇಳಿ ಸುಮ್ಮನಾಗದೆ, ಹಾರುವ ಮುನ್ನ ಓದಲೇಬೇಕಾದ ಚೆಕ್‌ಲಿಸ್ಟ್ ಮಾಡಿದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರಿಗೂ ಇಂಥದ್ದೇ ಪಟ್ಟಿ ತಂದಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ಆಪರೇಷನ್ ನಂತರದ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು.

ಆ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ: ‘ನಿನ್ನನ್ನು ಬೈದುಕೊಳ್ಳಬೇಡ, ಒಂದು ಹೆಜ್ಜೆ ಬದಲಿಸು.’ ಈಗ ಅವಳು ಮೊದಲು ಫೈಲ್ ಸೇರಿಸ್ತಾಳೆ, ತೆರೆದು ಹೆಸರು ನೋಡ್ತಾಳೆ, ವಿಳಾಸ ಹಾಕೋದು ಕಟ್ಟಕಡೆಗೆ.

ನೀವೂ ಮಾಡಿ ನೋಡಿ. ಹೊಸ ನಂಬರಿಗೆ ಯುಪಿಐ ಮಾಡೋದಿದ್ರೆ ಮೊದಲು 1 ರೂಪಾಯಿ ಕಳಿಸಿ, ಬಂತಾ ಅಂತ ಫೋನ್ ಮಾಡಿ ಕೇಳಿ, ಆಮೇಲೆ ಉಳಿದದ್ದು. ಸುಸ್ತಾದ ದಿನ ನೆನಪು ಕೈಕೊಡಬಹುದು. ಆಗ ಕಾಯೋದು ಇಂಥ ಅಭ್ಯಾಸವೇ.