ಅಲ್ಲಾಳಸಂದ್ರದ ಗಾಳಿಗೆ ಎಷ್ಟು ಪರ್ಸೆಂಟಿನ ಪುಲ್ಲಿ?

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಬೆಂಗಳೂರಿನ ಅಲ್ಲಾಳಸಂದ್ರ ಅದಕ್ಕಿಂತ ಸುಮಾರು 915 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒತ್ತಡ 13.2ರ ಹತ್ತಿರ. ಉಷ್ಣತೆ ಒಂದೇ ಇದ್ದರೆ, ಮಂಗಳೂರಿನಲ್ಲಿ ಇಂಜಿನ್ನಿಗೆ ಸಿಗುತ್ತಿದ್ದ ಗಾಳಿಯಲ್ಲಿ ಶೇ 10.4ರಷ್ಟು ಬಳ್ಳಾರಿ ರಸ್ತೆಗೆ ಬರುವಷ್ಟರಲ್ಲಿ ಖೋತಾ. ಟರ್ಬೊ ಇರುವ ಕಾರಾದರೆ ಟರ್ಬೈನು ಇನ್ನಷ್ಟು ಜೋರಾಗಿ ತಿರುಗಿ ಕೊರತೆ ತುಂಬಿಕೊಳ್ಳುತ್ತದೆ. ಸೂಪರ್‌ಚಾರ್ಜರಿಗೆ ಆ ಅವಕಾಶ ಇಲ್ಲ. ಅದನ್ನು ಬೆಲ್ಟಿನಿಂದ ಕ್ರ್ಯಾಂಕಿಗೆ ಕಟ್ಟಿಹಾಕಲಾಗಿದೆ. ಕ್ರ್ಯಾಂಕ್ ಒಂದು ಸುತ್ತು ಬಂದರೆ ತಾನು ಎಷ್ಟು ಸುತ್ತಬೇಕು ಎನ್ನುವುದನ್ನು ಎರಡು ಪುಲ್ಲಿಗಳ ವ್ಯಾಸವೇ ನಿಗದಿ ಮಾಡುತ್ತದೆ.

ಹಾಗಾಗಿ ಚಿಕ್ಕ ಪುಲ್ಲಿ. ಜಗತ್ತಿನಲ್ಲಿ ಇದರ ಗೀಳು ಹೆಚ್ಚಿಸಿದ್ದು 2002ರಿಂದ 2006ರವರೆಗಿನ 1.6 ಲೀಟರಿನ ಮಿನಿ ಕೂಪರ್ ಎಸ್. ‘ಶೇ 15ರ ಪುಲ್ಲಿ’ ಎಂಬ ಮಾತು ಚಲಾವಣೆಗೆ ಬಂದದ್ದು ಬಹುಮಟ್ಟಿಗೆ ಅದರಿಂದ. ಮಿನಿ ಅಧಿಕೃತವಾಗಿ ಭಾರತಕ್ಕೆ ಬಂದದ್ದು 2012ರಲ್ಲಿ, ಆ ಹೊತ್ತಿಗೆ ಸೂಪರ್‌ಚಾರ್ಜರ್ ಹೋಗಿ ಟರ್ಬೊ ಬಂದಾಗಿತ್ತು. ನಮ್ಮ ಕಡೆ ಸೆಕೆಂಡ್ ಹ್ಯಾಂಡಿನಲ್ಲಿ ಕೈಗೆಟಕುವ ಸೂಪರ್‌ಚಾರ್ಜ್ಡ್ ಕಾರು ಎಂದರೆ ಮರ್ಸಿಡಿಸ್ ಸಿ 200 ಕಂಪ್ರೆಸರ್. ಅದಕ್ಕಿಂತ ಹೆಚ್ಚು ದುಡ್ಡಿದ್ದವರಿಗೆ ಜಾಗ್ವಾರ್ ಎಫ್-ಟೈಪ್, ರೇಂಜ್ ರೋವರಿನ ವಿ8. ಇಲ್ಲಿನ ಲೆಕ್ಕಕ್ಕೆ ಸಿ 200ರಂಥ 1.8 ಲೀಟರ್, 184 ಅಶ್ವಶಕ್ತಿಯ ಇಂಜಿನ್ನನ್ನೇ ಇಟ್ಟುಕೊಂಡಿದ್ದೇನೆ. ಪುಲ್ಲಿಯ ಅಳತೆ ಮಾತ್ರ ಸುಲಭವಾಗಲೆಂದು ದುಂಡು ಮಾಡಿದ್ದು: ಕ್ರ್ಯಾಂಕಿನದು 130 ಮಿ.ಮೀ., ಬ್ಲೋವರಿನದು, ಅಂದರೆ ಸೂಪರ್‌ಚಾರ್ಜರಿನದು, 65 ಮಿ.ಮೀ. ಕ್ರ್ಯಾಂಕ್ 6,000 ಆರ್‌ಪಿಎಂನಲ್ಲಿದ್ದರೆ ಬ್ಲೋವರ್ 12,000ದಲ್ಲಿ.

ಶೇ 15 ಚಿಕ್ಕದು ಎಂದರೆ 55.25 ಮಿ.ಮೀ. ಬ್ಲೋವರ್ 14,118ಕ್ಕೆ ಏರುತ್ತದೆ. ವೇಗ ಹೆಚ್ಚುವುದು ಶೇ 15 ಅಲ್ಲ, 17.6. ಮಾರುವವರು ಇದನ್ನು ಬೋನಸ್ಸಿನಂತೆ ಹೇಳುತ್ತಾರೆ. ಆದರೆ 17.6ನ್ನು ಅಲ್ಲಾಳಸಂದ್ರದ ಗಾಳಿಗೆ ಗುಣಿಸಿ ನೋಡಿ: 1.176 × 0.896 = 1.054. ಸಮುದ್ರಮಟ್ಟದಲ್ಲಿ ಕಂಪನಿಯ ಪುಲ್ಲಿ ಕೊಡುತ್ತಿದ್ದುದಕ್ಕಿಂತ ಶೇ 5.4 ಹೆಚ್ಚು ಗಾಳಿ, ಅಷ್ಟೇ. ಶೇ 10ರ ಪುಲ್ಲಿ ಹಾಕಿದರೆ ಬರುವ ಉತ್ತರ 0.996. ಮೊದಲ ಹತ್ತು ಪರ್ಸೆಂಟ್ ಪೂರ್ತಿ ಎತ್ತರದ ಸಾಲ ತೀರಿಸುವುದಕ್ಕೇ ಹೋಯಿತು.

ಡ್ಯಾಶ್‌ಬೋರ್ಡಿನ ಬೂಸ್ಟ್ ಗೇಜು ಈ ಸಂಗತಿಯನ್ನು ಮುಚ್ಚಿಡುತ್ತದೆ. ಅದು ಅಳೆಯುವುದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಕರಾವಳಿಯಲ್ಲಿ 7 ಪಿಎಸ್‌ಐ ತೋರಿಸುವ ಕಾರು ಇಲ್ಲಿ 6.3 ತೋರಿಸುತ್ತದೆ, ಶೇ 15ರ ಪುಲ್ಲಿ ಬಿದ್ದ ಮೇಲೆ 9.7. ಮುಳ್ಳು 3.4 ಜಿಗಿಯಿತು ಎಂದು ಮಾಲೀಕ ಖುಷಿಪಡುತ್ತಾನೆ. ಇಂಜಿನ್ನಿನ ಬಾಯಿಯಲ್ಲಿರುವ ಒಟ್ಟು ಒತ್ತಡ ನೋಡಿದರೆ ಕರಾವಳಿಯಲ್ಲಿ 21.7, ಇಲ್ಲಿ ಹೊಸ ಪುಲ್ಲಿಯೊಂದಿಗೆ 22.9. ನಿಜವಾದ ಲಾಭ 1.2.

ಈ ಲೆಕ್ಕ ನಮ್ಮ ಊರಿಗೆ ಹೊಸದಲ್ಲ. ಎಚ್‌ಎಎಲ್ ಶುರುವಾದದ್ದು 1940ರ ಡಿಸೆಂಬರಿನಲ್ಲಿ, ಯುದ್ಧದ ದಿನಗಳಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ಅಲ್ಲಿ ನಡೆಯುತ್ತಿತ್ತು. ಆ ಕಾಲದ ಡಕೋಟ ವಿಮಾನದ ಟ್ವಿನ್ ವಾಸ್ಪ್ ಇಂಜಿನ್ನಿನೊಳಗೂ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇತ್ತು. ಮೇಲೇರಿದಷ್ಟೂ ತೆಳುವಾಗುವ ಗಾಳಿಯನ್ನು ಒತ್ತಿ ತುಂಬುವುದೇ ಅದರ ಕೆಲಸ. ಜಕ್ಕೂರಿನ ಏರೋಡ್ರೋಮಿನ ಪಕ್ಕದ ಊರಿನಲ್ಲಿ ಕಾರಿಗೆ ಪುಲ್ಲಿ ಹಾಕಿಸುವವನೂ ಮಾಡುತ್ತಿರುವುದು ಅದನ್ನೇ. ವಿಮಾನದವರಿಗೆ ಗೊತ್ತಿತ್ತು, ಇವನಿಗೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಖರ್ಚಿನ ಕಡೆ. ರೂಪಾಯಿಗಿಂತ ಮೊದಲು ಯಂತ್ರ ತೆರುವ ಬೆಲೆ. ಲೆಕ್ಕಕ್ಕೆ ಈಟನ್ ಎಂ45 ಬ್ಲೋವರ್ ಹಿಡಿಯೋಣ. ಅದು ಒಂದು ಸುತ್ತಿಗೆ 45 ಘನ ಇಂಚು, ಅಂದರೆ 737 ಸಿಸಿ ಗಾಳಿ ತಳ್ಳುತ್ತದೆ. ಇದರ ಸತತ ಓಟಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ 14,000 ಆರ್‌ಪಿಎಂ. ನಮ್ಮ 14,118 ಆಗಲೇ ಗೆರೆ ದಾಟಿತು. ರೂಟ್ಸ್ ಮಾದರಿಯ ಬ್ಲೋವರ್ ತಿರುಗಿಸಲು ಬೇಕಾದ ಶಕ್ತಿಯನ್ನು ತಳ್ಳಿದ ಗಾಳಿಯ ಪ್ರಮಾಣಕ್ಕೆ ಒತ್ತಡದ ಏರಿಕೆ ಗುಣಿಸಿದರೆ ಸಾಕು, ಅಂದಾಜು ಸಿಗುತ್ತದೆ. ಹಳೇ ಪುಲ್ಲಿಯಲ್ಲಿ 8.6 ಅಶ್ವಶಕ್ತಿ, ಹೊಸದರಲ್ಲಿ 15.6. ಇಂಜಿನ್ ದುಡಿದುದರಲ್ಲಿ ಇನ್ನೂ 7 ಬ್ಲೋವರಿನ ಹೊಟ್ಟೆಗೆ.

ಬಿಸಿ ಇನ್ನೊಂದು. 30 ಡಿಗ್ರಿಯ ಗಾಳಿ ಒಳಗೆ ಹೋದರೆ, ಬ್ಲೋವರಿನ ದಕ್ಷತೆ ಶೇ 60 ಎಂದು ಹಿಡಿದರೆ, ಇಂಟರ್‌ಕೂಲರ್ ತಲುಪುವ ಮುನ್ನ ಅದು ಮೊದಲು 90 ಡಿಗ್ರಿ ಇರುತ್ತಿತ್ತು. ಶೇ 15ರ ಪುಲ್ಲಿಯಲ್ಲಿ 116. ಹೆಬ್ಬಾಳದ ಫ್ಲೈಓವರಿನಲ್ಲಿ ಸಂಜೆ ಸಾಲುಗಟ್ಟಿ ನಿಂತ ಕಾರಿನ ಇಂಟರ್‌ಕೂಲರಿಗೆ ಎದುರುಗಾಳಿಯೂ ಇರುವುದಿಲ್ಲ. ಹಾಗೆ ಬೆಂದು ಬಂದ ಕಾರನ್ನು ಬ್ಯಾಟರಾಯನಪುರ ದಾಟಿದ ಕೂಡಲೇ ಒದ್ದರೆ ನಾಕಿಂಗ್ ಬಂದೀತು, ಬರದಿದ್ದರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಟೈಮಿಂಗ್ ಹಿಂದಕ್ಕೆಳೆದು ಪುಲ್ಲಿಯ ಲಾಭವನ್ನೆಲ್ಲ ಅದೇ ನುಂಗಿದೆ ಎಂದು ಅರ್ಥ.

ಬೆಲ್ಟಿನ ಲೆಕ್ಕ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಏಕೆಂದರೆ ಜನ ಅದನ್ನು ಮಾಡುವುದೇ ಇಲ್ಲ. ಕ್ರ್ಯಾಂಕ್ ಪುಲ್ಲಿ ಬದಲಾಗದ್ದರಿಂದ ಬೆಲ್ಟಿನ ವೇಗ ಅಷ್ಟೇ, ಸೆಕೆಂಡಿಗೆ ಸುಮಾರು 41 ಮೀಟರ್. ಅದೇ ವೇಗದಲ್ಲಿ ಹೆಚ್ಚು ಶಕ್ತಿ ಸಾಗಿಸಬೇಕಾದರೆ ಎಳೆತ ಹೆಚ್ಚಬೇಕು: 157 ನ್ಯೂಟನ್ ಇದ್ದದ್ದು 284. ಅತ್ತ ಬೆಲ್ಟು ತಾಗುವ ಜಾಗ ಕಡಿಮೆ. ಅರ್ಧ ಸುತ್ತು ಬಳಸಿದ ಬೆಲ್ಟು 65ರ ಪುಲ್ಲಿಯನ್ನು 102 ಮಿ.ಮೀ. ಉದ್ದಕ್ಕೆ ತಬ್ಬಿಕೊಂಡಿತ್ತು, 55ರದನ್ನು 87 ಮಾತ್ರ. ಎಳೆತ ಶೇ 80 ಏರಿ, ತಾಗುವ ಉದ್ದ ಶೇ 15 ಇಳಿದರೆ ಬೆಲ್ಟ್ ಜಾರಬಹುದು. ಜಾರಿದ ಗುರುತು ಬಾನೆಟ್ ಎತ್ತಿದರೆ ಕಾಣುತ್ತದೆ: ಪುಲ್ಲಿಯ ಗೀರುಗಳ ತಳದಲ್ಲಿ ಕಪ್ಪು ರಬ್ಬರಿನ ಪುಡಿ, ಗೀರಿನ ತುದಿಗಳು ಕನ್ನಡಿಯಂತೆ ನುಣುಪು. ಜಾರುವ ಬೆಲ್ಟಿನ ಮೇಲೆ ಶೇ 17ರ ಪುಲ್ಲಿ ಹಾಕಿದರೂ ಗೇಜಿನ ಮುಳ್ಳು ಮೇಲಿನ ಆರ್‌ಪಿಎಂನಲ್ಲಿ ಕೆಳಗಿಳಿಯುತ್ತದೆ.

ಬೆಲ್ಟಿನ ಉದ್ದವೂ ಬದಲಾಗಬೇಕು. ಪುಲ್ಲಿ 9.75 ಮಿ.ಮೀ. ಚಿಕ್ಕದಾದರೆ ಬೆಲ್ಟಿನಲ್ಲಿ ಸುಮಾರು 15 ಮಿ.ಮೀ. ಸಡಿಲ ಉಳಿಯುತ್ತದೆ. ಬೆಲ್ಟಿನ ಬೆನ್ನ ಮೇಲೆ 6ಪಿಕೆ ಎಂದು ಶುರುವಾಗುವ ಸಂಖ್ಯೆ ಇರುತ್ತದಲ್ಲ, 6 ಎಂದರೆ ಗೀರುಗಳು, ಕೊನೆಯ ಅಂಕಿ ಮಿಲಿಮೀಟರಿನಲ್ಲಿ ಉದ್ದ. ಜೆ.ಸಿ. ರಸ್ತೆಯಲ್ಲಿ ಆ ಕೊನೆಯ ಅಂಕಿಯಿಂದ 15 ಕಳೆದು ಹತ್ತಿರದ್ದನ್ನು ಕೇಳಬೇಕು. ಇದ್ದ ಬೆಲ್ಟನ್ನೇ ಹಾಕಿ ಟೆನ್ಷನರ್ ನೋಡಿಕೊಳ್ಳುತ್ತೆ ಎನ್ನುವ ಗ್ಯಾರೇಜಿನಿಂದ ಕಾರು ವಾಪಸ್ ತರುವುದು ಕ್ಷೇಮ.

ಪುಲ್ಲಿ ಬಿಚ್ಚುವ ಹೊತ್ತು ನಿಂತು ನೋಡಬೇಕಾದದ್ದು. ಹಲವು ಬ್ಲೋವರುಗಳಲ್ಲಿ ಪುಲ್ಲಿಗೆ ನಟ್ಟಿಲ್ಲ, ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಎಬ್ಬುವುದಾಗಲಿ, ಸುತ್ತಿಗೆಯಿಂದ ತಟ್ಟುವುದಾಗಲಿ ಮಾಡಿದರೆ ಏಟು ನೇರ ಮೂತಿಯ ಬೇರಿಂಗಿಗೆ. ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು. ಹೊಸದನ್ನು ಕೂರಿಸುವಾಗ ಅಲ್ಯೂಮಿನಿಯಂ ಪುಲ್ಲಿಯನ್ನು 120 ಡಿಗ್ರಿಯಷ್ಟು ಬಿಸಿ ಏರಿಸಿದರೆ 17 ಮಿ.ಮೀ.ನ ತೂತು 0.047 ಮಿ.ಮೀ. ಹಿಗ್ಗುತ್ತದೆ. ಕೈಯಲ್ಲಿ ಒತ್ತಿದರೆ ಕೂರುವುದು ಆ ಅರ್ಧ ಕೂದಲಿನಷ್ಟು ಸಂದಿಯಿಂದ. ಉಕ್ಕಿನದಾದರೆ ಅರ್ಧ ಮಾತ್ರ ಹಿಗ್ಗುತ್ತದೆ. ಪೀಣ್ಯದಲ್ಲಿ ಪುಲ್ಲಿ ಲೇತಿಗೆ ಹಾಕಿಸುವವರು ಈ ತೂತಿನ ಅಳತೆ ಬರೆದುಕೊಟ್ಟು ಮಾಡಿಸಬೇಕು. ಗೀರಿನ ವ್ಯಾಸ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಬೂಸ್ಟ್ ಒಂಚೂರು ತಪ್ಪೀತು. ತೂತು ಮಿಲಿಮೀಟರಿನ ನೂರನೇ ಒಂದೆರಡು ಭಾಗ ದೊಡ್ಡದಾದರೆ 14,000 ಆರ್‌ಪಿಎಂನಲ್ಲಿ ಪುಲ್ಲಿ ಶಾಫ್ಟಿನ ಮೇಲೆ ಜಾರುತ್ತದೆ.

ಇನ್ನು ರೂಪಾಯಿ. ಇದು ನನ್ನ ಅಂದಾಜಿನ ಬಿಲ್ಲು, ಯಾವ ಅಂಗಡಿಯ ಕೊಟೇಶನ್ನೂ ಅಲ್ಲ. ಹೊರದೇಶದಿಂದ 150 ಡಾಲರಿನ ಪುಲ್ಲಿ, 50 ಡಾಲರ್ ಸಾಗಣೆ, ಡಾಲರಿಗೆ ₹90 ಎಂದರೆ ₹18,000. ಮೂಲ ಸುಂಕ ಶೇ 15 ಹಿಡಿದರೆ 2,700, ಅದರ ಮೇಲಿನ ಸಮಾಜ ಕಲ್ಯಾಣ ಸರ್ಚಾರ್ಜ್ 270, ಒಟ್ಟಿನ ಮೇಲೆ ಶೇ 18 ಜಿಎಸ್‌ಟಿ 3,775. ಮನೆ ಬಾಗಿಲಿಗೆ ₹24,745. (2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಇಲ್ಲಿ ಎರಡು ಸಾವಿರ ಉಳಿಸಿತು.) ಬೆಲ್ಟ್ 2,500, ಒಂದು ಹಂತ ತಣ್ಣನೆಯ ನಾಲ್ಕು ಸ್ಪಾರ್ಕ್ ಪ್ಲಗ್ 4,000, ಕೂಲಿ 8,000, ಇಸಿಯು ಟ್ಯೂನ್ 45,000, ಶಕ್ತಿ ಅಳೆಯುವ ಡೈನೊ ಓಟ 6,000. ಒಟ್ಟು ₹90,245. ಪುಲ್ಲಿಯ ಪಾಲು ನೂರಕ್ಕೆ 27. ಬರೀ ಪುಲ್ಲಿಯ ಬೆಲೆ ಕೇಳಿಕೊಂಡು ಹೊರಟವನಿಗೆ ಉಳಿದ 73 ಆಮೇಲೆ ಎದುರಾಗುತ್ತದೆ. ಸಿ 200ರ ಎಂ271 ಇಂಜಿನ್ನಿನ ಟೈಮಿಂಗ್ ಚೈನು ಸಡಿಲವಾಗುವ ಖ್ಯಾತಿ ಉಳ್ಳದ್ದು. ಅದನ್ನು ಮೊದಲೇ ನೋಡಿಸಬೇಕು, ಅದರ ಖರ್ಚು ಈ ಬಿಲ್ಲಿನಲ್ಲಿಲ್ಲ.

ಇಷ್ಟಕ್ಕೆ ಸಿಕ್ಕಿದ್ದೇನು? 184ರ ಇಂಜಿನ್ ಅಲ್ಲಾಳಸಂದ್ರದಲ್ಲಿ ಒರಟು ಲೆಕ್ಕಕ್ಕೆ 165. ಶೇ 15ರ ಪುಲ್ಲಿಯಿಂದ 194 ಆಗಿ, ಬ್ಲೋವರ್ ತಿಂದ 7 ಕಳೆದು 187. ಅಂದರೆ ತೊಂಬತ್ತು ಸಾವಿರ ಕೊಟ್ಟು ಬ್ರೋಷರಿನಲ್ಲಿ ಅಚ್ಚಾಗಿದ್ದ ಅಂಕಿಗೆ 3 ಸೇರಿತು. ಡೈನೊ ಹಾಳೆ ಮಾತ್ರ ಹೀಗೆ ಹೇಳುವುದಿಲ್ಲ. ಎಸ್‌ಎಇ ತಿದ್ದುಪಡಿ ಎಂಬ ಸೂತ್ರ ಎಲ್ಲ ಊರಿನ ಅಂಕಿಯನ್ನೂ 99 ಕಿಲೋಪಾಸ್ಕಲ್ ಗಾಳಿಗೆ ಹೊಂದಿಸುತ್ತದೆ. ನಮ್ಮ 90.8ಕ್ಕೆ ಅದು ಸುಮಾರು 1.107ರ ಗುಣಕ. 187 ಹಾಳೆಯ ಮೇಲೆ 207 ಆಗುತ್ತದೆ. ಮೊದಲು-ಆಮೇಲೆ ಎರಡೂ ಓಟಗಳ ತಿದ್ದದ ಅಂಕಿಯನ್ನು ಕೇಳಿ ಪಡೆಯಿರಿ, ಕೊಡುತ್ತಾರೆ.

ನಿಜವಾದ ಅಪಾಯ ಊರು ಬಿಟ್ಟಾಗ. ಇಂಜೆಕ್ಟರು ಕಂಪನಿಯ ಪುಲ್ಲಿ, ಸಾದಾ ಪೆಟ್ರೋಲು, ಸಮುದ್ರಮಟ್ಟದಲ್ಲಿ ಶೇ 80 ಹೊತ್ತು ತೆರೆದಿರುತ್ತಿತ್ತು ಎನ್ನಿ. ಈಗ ಬಂಕಿನಲ್ಲಿರುವುದು ಇ20. ಅದಕ್ಕೆ ಒಂದು ಪಾಲು ಇಂಧನಕ್ಕೆ 14.7 ಬದಲು ಸುಮಾರು 13.5 ಪಾಲು ಗಾಳಿ ಸಾಕು, ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು: ಶೇ 87. ಎಥನಾಲಿನಿಂದ ನಾಕಿಂಗ್ ತಡೆಯುವ ಗುಣ ಹೆಚ್ಚುತ್ತದೆ, ಆದರೆ ಸಿ 200ರಂಥ ಹಳೇ ಕಾರಿನ ರಬ್ಬರ್ ಪೈಪುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಶೇ 15ರ ಪುಲ್ಲಿಯೊಂದಿಗೆ ಅಲ್ಲಾಳಸಂದ್ರದಲ್ಲಿ 92. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋದರೆ, 1,478 ಮೀಟರಿನಲ್ಲಿ, ಕರಾವಳಿಯ ಹಳೇ ಪುಲ್ಲಿಯ ಗಾಳಿಯ ಶೇ 98 ಮಾತ್ರ, ಇಂಜೆಕ್ಟರಿಗೆ ಆರಾಮ. ಅದೇ ಕಾರನ್ನು ರೇಸ್ ಟ್ರ್ಯಾಕಿಗೆಂದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೆ ಒಯ್ದರೆ ಉತ್ತರ 102. ನೂರಕ್ಕಿಂತ ಹೆಚ್ಚು ಹೊತ್ತು ಇಂಜೆಕ್ಟರ್ ತೆರೆಯಲಾರದು. ಇಂಧನ ಸಾಲದ ಮಿಶ್ರಣದಲ್ಲಿ ಪಿಸ್ಟನ್ ಕರಗಬಹುದು. ಮಂಗಳೂರಿಗೆ ಮದುವೆಗೆ ಹೋದರೂ ಇದೇ ಲೆಕ್ಕ, ಶಿರಾಡಿ ಘಾಟಿ ಇಳಿದ ಮೇಲೆ ಶುರು.

ಶೇ 10ರ ಪುಲ್ಲಿಗೆ ಬಿಲ್ಲು ಹೆಚ್ಚುಕಡಿಮೆ ಇದೇ, ಲಾಭ 22ರ ಬದಲು 14 ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ ₹4,100 ಎಲ್ಲಿ, ₹6,450 ಎಲ್ಲಿ ಎಂದು ವಾದಿಸುವವರು ಇದ್ದೇ ಇದ್ದಾರೆ. ಆದರೆ ಬ್ಲೋವರ್ 13,333ರಲ್ಲಿ ನಿಲ್ಲುತ್ತದೆ, ಬೆಲ್ಟಿನ ಎಳೆತ 233 ನ್ಯೂಟನ್, ಚೆನ್ನೈಯಲ್ಲೂ ಇಂಜೆಕ್ಟರ್ 97. ದಿನಾ ಓಡಿಸುವ ಕಾರಿಗೆ ನಾನು ಹೇಳುವುದು ಹತ್ತು. ಹದಿನೈದೇ ಬೇಕೆಂದರೆ, ಟ್ಯೂನ್ ಮಾಡುವವರಿಗೆ ಬೂಸ್ಟಿನ ಮಿತಿಯನ್ನು ಗೇಜಿನ ಲೆಕ್ಕದಲ್ಲಲ್ಲ, ಒಟ್ಟು ಒತ್ತಡದ ಲೆಕ್ಕದಲ್ಲಿ 23 ಪಿಎಸ್‌ಐಗೆ ಕಟ್ಟಲು ಹೇಳಿ. ಬೈಪಾಸ್ ಕವಾಟ ಇಸಿಯುವಿನ ಕೈಯಲ್ಲಿರುವ ಕಾರಿನಲ್ಲಿ ಕರಾವಳಿಗೆ ಇಳಿದಾಗ ಹೆಚ್ಚಿನ ಗಾಳಿ ತಾನಾಗಿ ಹಿಂದಕ್ಕೆ ತಿರುಗುತ್ತದೆ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ 182ಎ(4) ಕಲಮಿನಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ₹5,000 ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪುಲ್ಲಿಯ ಜೊತೆ ಟ್ಯೂನನ್ನೂ ವಿಮೆಯವರಿಗೆ ತಿಳಿಸದಿದ್ದರೆ ಕ್ಲೇಮಿನ ದಿನ ತಕರಾರು ಬರುತ್ತದೆ. ಕಂಪನಿಯ ಹಳೇ ಪುಲ್ಲಿಯನ್ನೂ ಹಳೇ ಬೆಲ್ಟನ್ನೂ ಗುಜರಿಗೆ ಹಾಕದೆ ಒಟ್ಟಿಗೇ ಎತ್ತಿಡಿ. ಒಂದಿಲ್ಲದೆ ಇನ್ನೊಂದು ಕೂರುವುದಿಲ್ಲ.