ಮದುವೆಗೆ ವೃತ್ತಿಪರ ಛಾಯಾಗ್ರಾಹಕರು ಏಕೆ ಬೇಕು?

ಮುಂಬಯಿಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ಸಭಾಗೃಹ, ಬಳಿಕ ಪುರೋಹಿತರು, ಅಡುಗೆಯವರು, ಮಂಟಪದ ಅಲಂಕಾರ. ಖರ್ಚಿನ ಪಟ್ಟಿ ಉದ್ದವಾದಾಗ ಕತ್ತರಿ ಬೀಳುವುದು ಛಾಯಾಗ್ರಾಹಕರಿಗೆ. 'ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಭಾವನ ಮಗನಲ್ಲಿ ಒಳ್ಳೆಯ ಕ್ಯಾಮೆರಾವೂ ಇದೆ' ಎಂಬ ಸಮಾಧಾನ ಬೇರೆ. ಊಟದಲ್ಲಿ ಒಂದು ಸಿಹಿ ಕಡಿಮೆ ಮಾಡಲು ಮಾತ್ರ ಯಾರೂ ಒಪ್ಪರು!

ಧಾರೆಯನ್ನೇ ನೋಡಿ. ಜೋಡಿಸಿದ ಕೈಗಳ ಮೇಲೆ ಹೆತ್ತವರು ನೀರೆರೆಯುವುದು ಕೆಲವೇ ಕ್ಷಣ. ಅದೇ ಹೊತ್ತಿಗೆ ಬಂಧುಗಳೆಲ್ಲ ಮಂಟಪವನ್ನು ಸುತ್ತುವರಿಯುತ್ತಾರೆ. ಹಿಂದಿನ ದೀಪಗಳ ಬೆಳಕಿಗೆ ವಧುವಿನ ಮುಖ ಕಪ್ಪಾಗುತ್ತದೆ. ಮೊಬೈಲಿನಲ್ಲಿ ಸಿಗುವುದು ಯಾರದೋ ಬೆನ್ನು. ಶಾಸ್ತ್ರದ ಕ್ರಮ ಬಲ್ಲ ಛಾಯಾಗ್ರಾಹಕರು ಗಟ್ಟಿಮೇಳಕ್ಕೆ ಮೊದಲೇ ತಮ್ಮ ಜಾಗ ಹಿಡಿದಿರುತ್ತಾರೆ. ಫ್ಲಾಶನ್ನು ನೇರ ಮುಖಕ್ಕೆ ಹಾಯಿಸದೆ ಚಾವಣಿಗೆ ತಿರುಗಿಸಿ ಬೆಳಕನ್ನು ಹದಗೊಳಿಸುತ್ತಾರೆ. ಪ್ರತಿ ಚಿತ್ರವೂ ಏಕಕಾಲಕ್ಕೆ ಎರಡು ಕಾರ್ಡ್‌ಗಳಲ್ಲಿ ದಾಖಲಾಗುವ ಕ್ಯಾಮೆರಾ ಅವರಲ್ಲಿದ್ದರೆ ಒಂದು ಕಾರ್ಡ್ ಕೆಟ್ಟರೂ ಮದುವೆ ಉಳಿಯುತ್ತದೆ. ಇನ್ನು ಭಾವನ ಮಗನ ಪಾಡು ಕೇಳುವುದೇ ಬೇಡ. ಅವನು ಮದುವೆಯನ್ನೂ ನೆಮ್ಮದಿಯಿಂದ ನೋಡಲಿಲ್ಲ, ಪಂಕ್ತಿಗೂ ಹೊತ್ತಿಗೆ ಕೂರಲಿಲ್ಲ, ಒಂದು ಚಿತ್ರದಲ್ಲೂ ಅವನಿಲ್ಲ.

ವಧೂವರರಷ್ಟೇ ಮುಖ್ಯವಾದುದು ಊರಿನಿಂದ ರೈಲಿನಲ್ಲಿ ಬಂದಿಳಿಯುವ ಅಜ್ಜ ಅಜ್ಜಿಯರ ಚಿತ್ರ. ಹಿರಿಯರೊಬ್ಬರು ತೀರಿಕೊಂಡಾಗ ಪತ್ರಿಕೆಗೆ ಕಳುಹಿಸಲು, ಗೋಡೆಗೆ ಹಾಕಲು ಒಳ್ಳೆಯ ಫೋಟೋ ಬೇಕೆಂದು ಮನೆಯವರು ಬಿಚ್ಚುವುದು ಯಾವುದಾದರೂ ಮದುವೆಯ ಆಲ್ಬಮನ್ನೇ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಸಾಗಿ ಕುಗ್ಗಿದ ಗುಂಪಿನ ಚಿತ್ರದಿಂದ ಒಂದು ಮುಖವನ್ನು ಬೇರ್ಪಡಿಸಿ ದೊಡ್ಡದು ಮಾಡಿದರೆ ಉಳಿಯುವುದು ಬರೀ ಮಸುಕು. ಆದ್ದರಿಂದ ಹಿರಿಯರ ಹೆಸರುಗಳ ಚೀಟಿಯೊಂದನ್ನು ಛಾಯಾಗ್ರಾಹಕರಿಗೆ ಮೊದಲೇ ಕೊಟ್ಟು, ಗುರುತು ತೋರಿಸಲು ಮನೆಯ ಒಬ್ಬರನ್ನು ಜೊತೆಗಿರಿಸುವುದು ಒಳ್ಳೆಯದು.

ವೃತ್ತಿಪರರೆಂದು ಹೇಳಿಕೊಳ್ಳುವವರೆಲ್ಲ ಸಮರ್ಥರೆಂದಲ್ಲ. ಮುಂಗಡ ಕೊಡುವ ಮುನ್ನ ಅವರು ತೆಗೆದ ಒಂದು ಮದುವೆಯ ಇಡೀ ಆಲ್ಬಮನ್ನು ಕೇಳಿ ನೋಡಬೇಕು. ಆಯ್ದ ಹತ್ತು ಚಿತ್ರಗಳಲ್ಲಿ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಎಷ್ಟು ಗಂಟೆ, ಎಷ್ಟು ಜನ, ಆಲ್ಬಮ್ ಎಂದು ಕೈಸೇರುತ್ತದೆ, ಅಂದು ಅವರಿಗೆ ಅನಾರೋಗ್ಯವಾದರೆ ಬದಲಿಗೆ ಯಾರು ಎಂಬುದೆಲ್ಲ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ತೆಗೆಸಿದವರದೇ. ಆ 'ಬೇರೆ ಒಪ್ಪಂದ' ಕಾಗದದ ಕೊನೆಯ ಸಣ್ಣ ಅಕ್ಷರಗಳಲ್ಲಿ ಅಡಗಿರಬಹುದು, ಓದಿಯೇ ಸಹಿ ಹಾಕಬೇಕು. ಬಾಕಿ ಹಣದ ಒಂದು ಪಾಲನ್ನು ಆಲ್ಬಮ್ ಕೈಗೆ ಬಂದ ಮೇಲೆ ಕೊಡುವಂತೆ ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.